ಮಸುಕು ಗೆರೆಯ ತೀರ್ಪು

ಮೊದಲು ಬಂದದ್ದು ಚಳಿ. ಅರಕಲಗೂಡಿನ ನಮ್ಮ ಶುಂಠಿ ಹೊಲದಲ್ಲಿ ಗಂಡಹೆಂಡಿರಿಬ್ಬರೂ ನಿಂತು ಕಳೆ ತೆಗೆಸಿ ಬಂದ ಮುಂದಿನ ವಾರ, ಹೊಳೆನರಸೀಪುರದ ಮನೆಯಲ್ಲಿ ನನ್ನ ಹೆಂಡತಿ ಸರೋಜ ಮಟಮಟ ಮಧ್ಯಾಹ್ನ ಕಂಬಳಿ ಕೇಳಿದಳು.

ನಮ್ಮ ಕಡೆ ಒಂದು ಸಂಪ್ರದಾಯವಿದೆ. ಜ್ವರ ಬಂದರೆ ಮೊದಲು ಲ್ಯಾಬಿಗೆ ಹೋಗಿ ರಕ್ತ ಕೊಡಬೇಕು, ಆಮೇಲೆ ರಿಪೋರ್ಟ್ ಹಿಡಿದು ಡಾಕ್ಟರ ಬಳಿಗೆ. ಬರಿಗೈಲಿ ಹೋಗುವುದು ಮರ್ಯಾದೆಯಲ್ಲ. ನಾವೂ ಮರ್ಯಾದಸ್ಥರೇ. ಬಸ್‌ಸ್ಟ್ಯಾಂಡ್ ಪಕ್ಕದ ಲ್ಯಾಬಿನಲ್ಲಿ ಬೆರಳುದ್ದದ ಟೈಫಾಯ್ಡ್ ಕಾರ್ಡಿನ ಮೇಲೆ ಅವಳ ರಕ್ತದ ಹನಿ ಬಿಟ್ಟರು. ನಾನು ಕಾಫಿ ಕುಡಿದು ಬರುವಷ್ಟರಲ್ಲಿ ಒಂದು ಗೆರೆ ಸ್ಪಷ್ಟವಾಗಿ, ಇನ್ನೊಂದು ಮಸುಕಾಗಿ ದರ್ಶನ ಕೊಟ್ಟಿದ್ದವು.

ಎರಡು ಗೆರೆ ಅಂದರೆ ಟೈಫಾಯ್ಡ್.

ಡಾಕ್ಟರು ರಿಪೋರ್ಟನ್ನು ಕೂಲಂಕಷವಾಗಿ ನೋಡಿದರು. ಸರೋಜಳನ್ನು ನೋಡಲಿಲ್ಲ. ದಿನವೂ ಡ್ರಿಪ್, ಇಂಜೆಕ್ಷನ್. ಜ್ವರ ಇಳಿಯಲಿಲ್ಲ. ಕೇಳಿದರೆ, "ಟೈಫಾಯ್ಡ್ ಅಂದ್ರೆ ಹಂಗೇ ರೀ, ಟೈಮ್ ತಗೊಳ್ಳುತ್ತೆ." ಅವಳ ತಮ್ಮ ರಂಗಸ್ವಾಮಿಯದು ಇನ್ನೂ ಗಟ್ಟಿ ನಂಬಿಕೆ. "ಭಾವ, ಕಾರ್ಡೇ ಹೇಳ್ಬುಟ್ಟೈತೆ. ನೀವೇನು ಅದಕ್ಕಿಂತ ದೊಡ್ಡ ಡಾಕ್ಟ್ರಾ?"

ಕೊಲೆ ಮಾಡಿದವನಿಗೂ ಮೇಲ್ಮನವಿ ಉಂಟು. ಆ ಮಸುಕು ಗೆರೆಯ ತೀರ್ಪಿಗೆ ಇರಲಿಲ್ಲ.

ಒಂದು ಬೆಳಿಗ್ಗೆ ಸರೋಜ ನನ್ನ ಮುಖ ನೋಡಿ, "ಯಾರು ಬಂದವ್ರೆ?" ಎಂದಳು.

ಕಾರು ಮಾಡಿಕೊಂಡು ಹಾಸನಕ್ಕೆ ಓಡಿದೆವು. ಅಲ್ಲಿನ ಲೇಡಿ ಡಾಕ್ಟರಿಗೆ ಭಯಭಕ್ತಿಯಿಂದ ರಿಪೋರ್ಟ್ ಚಾಚಿದೆ. ಅವರು ಅದನ್ನು ಪಕ್ಕಕ್ಕಿಟ್ಟು, ಪರದೆ ಎಳೆದು, ಸೀರೆ ಸಡಿಲಿಸಲು ನನಗೇ ಹೇಳಿದರು. ಸೊಂಟದಲ್ಲಿ, ಲಂಗದ ಲಾಡಿ ಕೂರುವ ಜಾಗದಲ್ಲಿ, ಬೀಡಿಯಿಂದ ಸುಟ್ಟಂಥ ಕಪ್ಪು ಹಕ್ಕಳೆ.

"ಇದೇನಮ್ಮ?"

"ಲಾಡಿ ಉಜ್ಜಿದ್ದು ಕಣವ್ವ. ಎಲ್ರಿಗೂ ಇರ್ತದೆ," ಎಂದಳು ಸರೋಜ, ಆ ಅರೆ ಎಚ್ಚರದಲ್ಲೂ ನಾಚಿಕೊಂಡು.

ಲಾಡಿಯದಲ್ಲ. ಹುಲ್ಲುಪೊದೆಯಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಕಚ್ಚಿದ ಗುರುತು. ಅದು ತರುವ ಜ್ವರವೇ ಸ್ಕ್ರಬ್ ಟೈಫಸ್. ಟೈಫಾಯ್ಡಿಗೆ ಅದು ದೂರದ ನೆಂಟನೂ ಅಲ್ಲ. "ಬೇರೆ ಜ್ವರಕ್ಕೂ ಆ ಕಾರ್ಡ್ ಕೆಲವು ಸಲ ಗೆರೆ ತೋರಿಸುತ್ತೆ," ಎಂದರು ಡಾಕ್ಟರು. "ಇನ್ನೂ ತಡ ಮಾಡಿದ್ರೆ ಕೈ ಮೀರ್ತಿತ್ತು." ಔಷಧಿ ಬದಲಾಯಿತು. ಮಾರನೆಯ ಸಂಜೆ ಜ್ವರ ಇಳಿಯಿತು.

ಕಾರ್ಡಿನ ಮೇಲೆ ನನಗೆ ಸಿಟ್ಟಿಲ್ಲ. ಅದು ಪ್ಲಾಸ್ಟಿಕ್ಕು, ತನಗೆ ತಿಳಿದಷ್ಟು ಹೇಳಿತು. ದೊಡ್ಡ ಲ್ಯಾಬಿಲ್ಲದ ಊರುಗಳಿಗೆ ಅಂಥದ್ದು ಬೇಕು, ಇದಕ್ಕಿಂತ ಒಳ್ಳೆಯದೂ ಬರಲಿ. ನನ್ನ ಸಿಟ್ಟೆಲ್ಲ, ಗೆರೆ ಮೂಡಿದ ಕೂಡಲೇ ರೋಗಿಯನ್ನು ಮುಟ್ಟಿ ನೋಡುವ ಕೆಲಸಕ್ಕೆ ರಜೆ ಘೋಷಿಸಿದವರ ಮೇಲೆ. ಒಂದು ಲಾಡಿ ಸರಿಸಿದ್ದರೆ ಸಾಕಿತ್ತು.

ಸರೋಜ ಈಗ ಬೀದಿಯ ತುದಿಯವರೆಗೆ ನಡೆಯುತ್ತಾಳೆ, ನಡುವೆ ಯಾರದಾದರೂ ಜಗಲಿಯಲ್ಲಿ ಕೂರುತ್ತಾಳೆ. ಅಷ್ಟಕ್ಕೇ ಕೈಮುಗಿದಿದ್ದೇನೆ. ಮೊನ್ನೆ ರಂಗಸ್ವಾಮಿ, ತನ್ನ ಮೈ ಬೆಚ್ಚಗಾಗಿದೆ ಅಂತ, ಲ್ಯಾಬಿನಿಂದ ನೇರ ಅಕ್ಕನ ಹತ್ತಿರ ರಿಪೋರ್ಟ್ ಹಿಡಿದು ಬಂದ. ಅವಳು ಅದಕ್ಕೆ ಕೈಯನ್ನೇ ಚಾಚಲಿಲ್ಲ.

"ಅದಿರ್ಲಿ ಕಣ್ಲಾ," ಎಂದಳು. "ಮೊದ್ಲು ಅಂಗಿ ಬಿಚ್ಚು."