ಬಾಗಿಲು ಹಾಕಿದ ಅಂಗಡಿಗಳ ಸಾಮಾನು

ಮುಚ್ಚುವ ಅಂಗಡಿಗಳಿಂದ ಗಾಜಿನ ಕೌಂಟರು, ರ‍್ಯಾಕು, ಫ್ರಿಜ್ಜುಗಳನ್ನು ಕೊಂಡು, ಹೊಸ ಅಂಗಡಿ ತೆರೆಯುವವರಿಗೆ ಮಾರುವುದು ನನ್ನ ಕಸುಬು. ಉರಿಯುವ ಮನೆಯಲ್ಲಿ ಗಳ ಹಿರಿಯುವ ಕೆಲಸ ಎಂದು ಹೆಂಡತಿ ಛೇಡಿಸುತ್ತಾಳೆ. ಮೊದಲೆಲ್ಲ ಮೆಲ್ಕಾರಿನ ನನ್ನ ಗೋದಾಮಿಗೆ ಬಂದದ್ದು ವಾರದೊಳಗೆ ಹೋಗುತ್ತಿತ್ತು. ಒಂದು ಮಳೆಗಾಲದಲ್ಲಿ ಬರುವುದೇ ಹೆಚ್ಚಾಯಿತು, ಹೋಗುವುದು ಕಡಿಮೆಯಾಯಿತು. ಮೂಡಬಿದಿರೆಯಿಂದ ಮೊಬೈಲ್ ಅಂಗಡಿ, ಬಂಟ್ವಾಳದಿಂದ ಎರಡು ಬಟ್ಟೆ ಅಂಗಡಿ, ಬೆಳ್ತಂಗಡಿಯಿಂದ ಒಂದು ಬೇಕರಿ. ದೇಶದ ಆರ್ಥಿಕತೆ ಇನ್ನೂ ಜೋರಾಗಿ ಬೆಳೆಯಲಿದೆ ಎಂದು ಪತ್ರಿಕೆಯಲ್ಲಿ ಓದಿದ ದಿನ ಗೋದಾಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ತಲೆ ಕೆಟ್ಟದ್ದು ಬರೆದವರಿಗೋ ನನಗೋ ಎಂದು ಗೊಣಗಿದೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು. ಬಾಡಿಗೆ ಕೊಡಿ, ಇಲ್ಲವೇ ಖಾಲಿ ಮಾಡಿ ಎಂದು ಕಟ್ಟಡದ ಯಜಮಾನರು ಎರಡು ಸಲ ಹೇಳಿಯಾಗಿತ್ತು.

ಬಿದ್ದ ಅಂಗಡಿಯ ಸಾಮಾನು ತಂದಿಟ್ಟರೆ ಹೊಸ ಅಂಗಡಿಯೂ ಏಳುವುದಿಲ್ಲ ಎಂದು ನಮ್ಮಲ್ಲಿ ಜನ ನಂಬುತ್ತಾರೆ. ಹಾಗಾಗಿ ಹಳೆಯ ಸ್ಟಿಕ್ಕರುಗಳನ್ನು ಬ್ಲೇಡಿನಿಂದ ಕೆರೆದು ತೆಗೆಯುತ್ತೇವೆ. ಯಾರು ಕೇಳಿದರೂ ನಾವು ಹೇಳುವುದು ಒಂದೇ ಸುಳ್ಳು.

ಆಗಲೇ, ಹದಿನಾಲ್ಕು ವರ್ಷ ದುಬೈಯಲ್ಲಿ ದುಡಿದು ಬಂದವರೊಬ್ಬರು ಗುರುವಾಯನಕೆರೆಯಲ್ಲಿ ಬೇಕರಿ ಹಾಕಲು ಸಾಮಾನು ಹುಡುಕಿಕೊಂಡು ಬಂದರು. ಬೆಳ್ತಂಗಡಿಯ ಆ ಬೇಕರಿಯ ಕೌಂಟರೇ ಅವರಿಗೆ ಹಿಡಿಸಿತು.

"ಇದು ಯಾರದ್ದು?"

"ಒಂದು ಬೇಕರಿಯದ್ದು. ಅವರು ದೊಡ್ಡ ಅಂಗಡಿ ಮಾಡಿದ್ರು, ಇದು ಸಾಕಾಗ್ಲಿಲ್ಲ."

ಅವರ ಮುಖ ಅರಳಿತು. "ಹಾಗಾದ್ರೆ ಇಲ್ಲಿ ಬೇಕರಿ ಒಳ್ಳೇದು ನಡೀತದೆ. ನಾನು ಇದ್ದದ್ದನ್ನೆಲ್ಲ ಇದಕ್ಕೇ ಹಾಕ್ತಾ ಇದ್ದೇನೆ ಮಾರಾಯ್ರೆ. ಹಾಕ್ಬಹುದಲ್ಲ?"

ಬೇಡ ಎನ್ನಬೇಕೆನಿಸಿತು. "ಒಳ್ಳೇದಾಗ್ತದೆ" ಎಂದೆ.

ಆಮೇಲೆ ಗುರುವಾಯನಕೆರೆ ದಾಟುವಾಗಲೆಲ್ಲ ಅವರ ಬೇಕರಿಯತ್ತ ಕಣ್ಣು ಹೋಗುತ್ತಿತ್ತು. ಬಸ್ಸಿನ ಕಿಟಕಿಯಿಂದ ಅವರ ಶಟರು ತೆರೆದದ್ದು ಕಂಡರೆ ಉಸಿರು ಬಿಡುತ್ತಿದ್ದೆ. ಒಳಗೆ ಗಿರಾಕಿಗಳಿದ್ದಾರೆಯೇ ಎಂದು ನೋಡುವ ಧೈರ್ಯ ಮಾಡಲಿಲ್ಲ.

ಬೇಕರಿ ತೆರೆದ ಎಂಟನೆಯ ತಿಂಗಳು ಅವರ ಫೋನು ಬಂತು: ಮುಚ್ಚುತ್ತಿದ್ದೇನೆ, ಸಾಮಾನು ಕೊಂಡುಹೋಗಿ ಎಂದರು. ಪಿಕಪ್ ಗಾಡಿ ಬಾಡಿಗೆಗೆ ಮಾಡಿಕೊಂಡು ಹೋದೆ. ಬೈದರೆ ಬೈಸಿಕೊಳ್ಳಲು ತಯಾರಾಗಿದ್ದೆ. ಅವರು ಬೈಯಲಿಲ್ಲ. ಕೌಂಟರಿನ ಒಂದು ತುದಿ ತಾವೇ ಹಿಡಿದು ಎತ್ತಿಸಿ, ಕೈ ಒರೆಸಿಕೊಂಡು ಕೇಳಿದರು:

"ಹಾಕ್ಬಹುದಾ ಅಂತ ನಾನು ಕೇಳಿದ್ದೆನಲ್ಲ. ಒಂದು ಮಾತು ಹೇಳ್ಬಹುದಿತ್ತಲ್ಲ ನೀವು?"

ಹೇಳಿದ್ದರೆ ಆ ತಿಂಗಳು ನಾನು ಬಾಗಿಲು ಹಾಕಬೇಕಿತ್ತು. ನಾನು ಹಗ್ಗ ಬಿಗಿಯುವ ನೆವದಲ್ಲಿ ಪಿಕಪ್ಪಿನ ಆಚೆ ಬದಿಗೆ ಹೋದೆ.