ಗುಡ್ಡದ ನಡುವಿನ ಒರತೆ

"ಬಾವಿ ತೋಡವರ ಮನಿ ಹುಡುಗಿ ಮಣ್ಣು ಹೊರಬೇಕು, ಡಿಗ್ರಿ ಎಲ್ಲಿಂದ ತರ್ತಾಳ?" ಎಂದವರು ನಮ್ಮ ದೊಡ್ಡಪ್ಪ. ಇವತ್ತು ಆ ಡಿಗ್ರಿ ತೆಗೆದುಕೊಳ್ಳಲು ಅಪ್ಪನನ್ನು ಕರೆದುಕೊಂಡು ಸಿಂಗಪುರಕ್ಕೆ ಬಂದಿದ್ದೇನೆ.

ಸಮಾರಂಭಕ್ಕೆ ಇನ್ನೂ ಹೊತ್ತಿತ್ತು. ಸೆರಂಗೂನ್‌ನಲ್ಲಿ ಗೆಳತಿಯ ಫ್ಲಾಟಿನ ಕೆಳಗೆ, ವಾಯ್ಡ್ ಡೆಕ್ ಎನ್ನುವ ತೆರೆದ ನೆಲಅಂತಸ್ತಿನ ಕಲ್ಲುಮೇಜಿನ ಮೇಲೆ ನನ್ನ ಪ್ರಬಂಧದ ನಕ್ಷೆ ಹರಡಿದೆ. ಫ್ರಾನ್ಸಿನ ಒಂದು ಪುಟ್ಟ ಹಳ್ಳಿ. ಮೇಲೆ ಸುಣ್ಣಕಲ್ಲಿನ ಗುಡ್ಡ, ಕೆಳಗೆ ಹೊಳೆ, ನಡು ಇಳಿಜಾರಿನಲ್ಲಿ ಒಂದೇ ಸಾಲಿಗೆ ಮನೆಗಳು.

ಅಪ್ಪ ಆ ಸಾಲಿನ ಮೇಲೆ ಬೆರಳಿಟ್ಟರು.

"ಹೊಳಿ ಬಿಟ್ಟು ಇಷ್ಟು ಮ್ಯಾಲೆ ಯಾಕ ಕಟ್ಯಾರ? ಇಲ್ಲೇ ಒರತಿ ಇರಬೇಕು ನೋಡವ್ವ. ಕಲ್ಲು ಮುಗದು ಜೇಡಿಮಣ್ಣು ಸುರು ಆಗೂ ಕಡೆ ನೀರು ತಾನ ಹೊರಗ ಬರ್ತದ."

ನಕ್ಷೆಯಲ್ಲಿ ಒರತೆಯ ಗುರುತೇ ಇರಲಿಲ್ಲ. ಎರಡು ವರ್ಷ ಆ ಹಳ್ಳಿಗೆ ಹೋಗಿಬಂದು ಅಳೆದು, ಅಗೆದು ನಾನು ಪ್ರಬಂಧದಲ್ಲಿ ಬರೆದದ್ದು ಇದನ್ನೇ.

ಸಂಜೆ, ಗೌನು ಕಳಚುವ ಮೊದಲೇ ಸರ್ಟಿಫಿಕೇಟನ್ನು ಅಪ್ಪನ ಕೈಗೆ ಕೊಟ್ಟೆ. ಅಂಗೈಗಳನ್ನು ಧೋತರಕ್ಕೆ ಎರಡು ಸಲ ಒರೆಸಿಕೊಂಡು ಹಿಡಿದುಕೊಂಡರು.

"ನಮ್ಮಣ್ಣಗ ಫೋನ್ ಹಚ್ಚು," ಎಂದರು. "ಫ್ರಾನ್ಸಿನ ಮಂದಿಗೆ ಅವರ ನೀರು ಎಲ್ಲಿಂದ ಬರ್ತದ ಅಂತ ಬಾವಿ ತೋಡವರ ಮನಿ ಹುಡುಗಿ ಹೇಳ್ಯಾಳ. ಅದನ್ನ ನಾನ ಹೇಳ್ತೀನಿ."