ಅಳಿಯನ ಮೊದಲ ದೀಪಾವಳಿಗೆ ತಂದ ಗೀಸರ್

ಮಗಳ ಮದುವೆಯಾದ ವರ್ಷ ದೀಪಾವಳಿಗೆ ಅಳಿಯಂದಿರನ್ನೂ ಅವರ ತಾಯಿಯನ್ನೂ ಮನೆಗೆ ಕರೆದಿದ್ದೆವು. ಅಳಿಯನ ಮೊದಲ ದೀಪಾವಳಿ ಎಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ನಸುಕಿನಲ್ಲಿ ಎಬ್ಬಿಸಿ, ಎಣ್ಣೆ ಹಚ್ಚಿ, ಸೂರ್ಯ ಹುಟ್ಟುವುದರೊಳಗೆ ಸುಡುಸುಡು ನೀರಿನ ಜಳಕ ಮಾಡಿಸಿ, ಆರತಿ ಬೆಳಗಬೇಕು. ಅದರಲ್ಲಿ ಕೂದಲೆಳೆಯಷ್ಟು ಕೊರತೆಯಾದರೂ ಆ ಮಾತು ಮಗಳ ಬೆನ್ನು ಹತ್ತಿ ಗಂಡನ ಮನೆಗೆ ಹೋಗುತ್ತದೆ, ಹೋದದ್ದು ಅಲ್ಲೇ ಠಿಕಾಣಿ ಹೂಡುತ್ತದೆ. ನಮ್ಮ ಮನೆ ಪುಣೆಯ ಮಗ್ಗುಲಿನ ಭೋಸರಿಯಲ್ಲಿ, ಬೀಗರದು ಅಲ್ಲೇ ಹತ್ತಿರದ ದೇಹೂ ರೋಡಿನಲ್ಲಿ. ಮಾತು ಹೋಗಿ ಮುಟ್ಟಲು ಬಹಳ ಹೊತ್ತೂ ಬೇಕಿರಲಿಲ್ಲ. ಮಗಳು ಆ ಮನೆಯಲ್ಲಿ ತಲೆ ಎತ್ತಿಕೊಂಡು ಓಡಾಡಬೇಕು ಎನ್ನುವುದೊಂದೇ ಆಗ ನನ್ನ ತಲೆಯಲ್ಲಿದ್ದದ್ದು.

ಅಲ್ಲಿಯವರೆಗೆ ನಾವು ಬಕೆಟ್ಟಿನಲ್ಲಿ ಕರೆಂಟಿನ ರಾಡ್ ಇಳಿಬಿಟ್ಟು ನೀರು ಕಾಸುತ್ತಿದ್ದೆವು. ಬೀಗರೆದುರು ರಾಡ್ ಹೇಗೆ ತೋರಿಸುವುದು? ಗೀಸರ್ ತರಲೇಬೇಕು ಎಂದು ಹಟ ಹಿಡಿದವಳು ನಾನೇ. ನಮ್ಮ ಮನೆಯವರು ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆಯುವವರು. ಓದದೆ ಏನನ್ನೂ ಕೊಳ್ಳುವವರಲ್ಲ. ಓದಿದರೂ ಪೂರ್ತಿ ಓದುವವರಲ್ಲ. ಫ್ರಿಜ್ಜು, ಏಸಿಗಳ ಮೇಲೆ ನಕ್ಷತ್ರದ ಚೀಟಿ ಅಂಟಿಸಿ ಮಾರುವುದು ಶುರುವಾಗಿ ಸ್ವಲ್ಪ ಕಾಲವಾಗಿತ್ತು, ಆಗ ಗೀಸರಿಗೂ ಬಂದಿತ್ತು. ಪಿಂಪ್ರಿಯ ಅಂಗಡಿಯಲ್ಲಿ ಅವರು ಸೀದಾ ಹೋಗಿ ನಿಂತದ್ದು ಐದು ನಕ್ಷತ್ರದ ಒಂದು ಪುಟ್ಟ ಗೀಸರಿನ ಮುಂದೆ.

ಮನೆಯಲ್ಲಿ ಎಷ್ಟು ಮಂದಿ ಎಂದು ಅಂಗಡಿಯವನು ಮರಾಠಿಯಲ್ಲಿ ಕೇಳಿದ. ಪಕ್ಕದಲ್ಲಿದ್ದ ಮೂರು ನಕ್ಷತ್ರದ ದೊಡ್ಡ ಗೀಸರ್ ತೋರಿಸಿ, ಇದನ್ನು ಒಯ್ಯಿರಿ, ಹಬ್ಬಹುಣ್ಣಿಮೆಗೆ ಸಾಲುತ್ತದೆ ಎಂದ. ನಮ್ಮವರು ನನ್ನ ಕಡೆ ತಿರುಗಿ ಕನ್ನಡಕ್ಕೆ ಇಳಿದರು.

“ಮಾಲು ಹೋಗವಲ್ದು ಅಂತ ನಮ್ಮ ಕೊಳ್ಳಿಗೆ ಕಟ್ಟಾಕ ನೋಡ್ತಾನಿಂವ. ಐದು ಅಂದ್ರ ಐದು. ಮೂರಕ್ಕಿಂತ ಎಲ್ಲಾದ್ರಾಗೂ ಮುಂದ. ತಿಳೀತಿಲ್ಲೋ?”

“ತಿಳೀತ್ರಿ” ಎಂದೆ. ಏನು ತಿಳಿದಿತ್ತು, ಮಣ್ಣು! ಐದು ನಕ್ಷತ್ರದ ಚೀಟಿ ಬೀಗತಿಯ ಕಣ್ಣಿಗೆ ಬೀಳುತ್ತದಲ್ಲ ಎಂದು ನನಗೂ ಒಳಗೊಳಗೇ ಹಿಗ್ಗು. ಆ ಚೀಟಿಯನ್ನು ಪೂರ್ತಿ ಓದಿದ್ದು ಹಬ್ಬವೆಲ್ಲ ಮುಗಿದ ಮೇಲೆ. ಕಾದ ನೀರು ಬಳಸದೆ ಹಾಗೇ ಕೂತಾಗ ಬಿಸಿ ಎಷ್ಟು ಸೋರಿಹೋಗುತ್ತದೆ, ನಕ್ಷತ್ರ ಹೇಳುವುದು ಅದೊಂದನ್ನೇ. ಕಡಿಮೆ ಸೋರಿದರೆ ಹೆಚ್ಚು ನಕ್ಷತ್ರ. ನೀರು ಎಷ್ಟು ಜನಕ್ಕೆ ಸಾಲುತ್ತದೆ ಎನ್ನುವುದು ಲೀಟರಿನ ಮಾತು, ಅದಕ್ಕೂ ನಕ್ಷತ್ರಕ್ಕೂ ಸಂಬಂಧವಿಲ್ಲ. ನಾವು ತಂದದ್ದು ಹತ್ತು ಲೀಟರಿನದು. ಬಿಸಿಯನ್ನು ಜೋಪಾನವಾಗಿ ಹಿಡಿದಿಟ್ಟುಕೊಳ್ಳುತ್ತಿತ್ತು ನಿಜ, ಆದರೆ ಇದ್ದರಲ್ಲವೇ ಕೊಡುವುದು!

ಹಬ್ಬದ ಹಿಂದಿನ ಸಂಜೆ ನೀರು ತುಂಬುವ ಪೂಜೆ. ತವರಿನಲ್ಲಾದರೆ ಹಂಡೆ ಬೆಳಗಿ, ಸುಣ್ಣದ ಗೆರೆ ಎಳೆದು ಪೂಜೆ ಮಾಡುತ್ತಿದ್ದೆವು. ಇಲ್ಲಿ ಗೋಡೆಗೆ ನೇತುಬಿದ್ದ ಡಬ್ಬಿಗೆ ಏನು ಮಾಡಲಿ? ಸ್ಟೂಲ್ ಹತ್ತಿ ಚೆಂಡುಹೂವಿನ ಮಾಲೆ ಹಾಕಿ, ಕುಂಕುಮ ಹಚ್ಚಲು ಕೈ ಎತ್ತಿದ್ದೇ ತಡ, ನಮ್ಮವರು ಒದರಿದರು: “ಏ ಏ, ಚೀಟಿ ಮ್ಯಾಲೆ ಬ್ಯಾಡ! ಸ್ಟಾರ್ ಮುಚ್ಚಿ ಹೋಗ್ತಾವ.” ಊಟಕ್ಕೆ ಕೂತಾಗ ಅಳಿಯಂದಿರಿಗೆ ನಕ್ಷತ್ರಗಳ ಮೇಲೆ ದೊಡ್ಡ ಪುರಾಣವನ್ನೇ ಹೇಳಿದರು. ಅಳಿಯಂದಿರು ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಆದರೂ ಪಾಪ, ಮಾವನ ಮಾತಿಗೆ “ಹೌದ್ರಿ, ಹೌದ್ರಿ” ಎನ್ನುತ್ತ ಹೋಳಿಗೆ ತಿಂದರು.

ಬೆಳಿಗ್ಗೆ ಮೈ ನಡುಗಿಸುವ ಚಳಿ. ಮಗಳು ಗಂಡನ ನೆತ್ತಿಗೆ, ಮೈಗೆ ಎಣ್ಣೆ ತಿಕ್ಕಿದಳು. ಅಳಿಯಂದಿರು ಬಚ್ಚಲಿಗೆ ಹೋದರು. ತಲೆಗೆ ಎಣ್ಣೆ ಹಚ್ಚಿಸಿಕೊಂಡ ಬೀಗತಿ ತಮ್ಮ ಸರದಿಗಾಗಿ ಮಣೆಯ ಮೇಲೆ ಕೂತಿದ್ದರು. ನಾನು ಆರತಿಯ ಬತ್ತಿ ಹೊಸೆಯುತ್ತಿದ್ದೆ. ಒಂದು ಬಕೆಟ್ ನೀರು ಹೊಯ್ದುಕೊಂಡ ಸದ್ದು ಬಂತು. ಆಮೇಲೆ ನಲ್ಲಿಯ ಸದ್ದು. ಆಮೇಲೆ ಏನೂ ಇಲ್ಲ. ಬಾಗಿಲ ಹಿಂದಿನಿಂದ ಮೆಲ್ಲನೆಯ ದನಿ:

“ಮಾವಾರ... ಬಿಸಿನೀರು ಬರವಲ್ದರಿ.”

ಅಯ್ಯೋ ಶಿವನೇ! ತಲೆ ತುಂಬ ಎಣ್ಣೆ, ಎಣ್ಣೆಯ ಮೇಲೆ ಸೀಗೆಪುಡಿ, ನಲ್ಲಿಯಲ್ಲಿ ಮಂಜಿನಂಥ ನೀರು, ಒಳಗಿರುವವರು ಹೊಸ ಅಳಿಯ. ನಮ್ಮವರು ಗೀಸರ್ ಚಾಲೂ ಇರುವಾಗಲೇ ಮಂಚದಡಿಯ ಹಳೆಯ ರಾಡ್ ಎಳೆದು ತಂದು ಇನ್ನೊಂದು ಬಕೆಟ್ಟಿಗೆ ಇಳಿಸಿ ಬಟನ್ ಒತ್ತಿದರು. ಟಪ್ ಎಂದಿತು. ಫ್ಯೂಜ್ ಹಾರಿ, ಬಾಗಿಲಲ್ಲಿ ತೂಗುತ್ತಿದ್ದ ಆಕಾಶಬುಟ್ಟಿಯೂ ಸೇರಿ ಮನೆಯೆಲ್ಲ ಕತ್ತಲಾಯಿತು. ದೇವರ ಮುಂದಿನ ದೀಪವೊಂದೇ ಉಳಿಯಿತು.

ನಾನು ಗ್ಯಾಸಿನ ಮೇಲೆ ನೀರಿಟ್ಟೆ. ಅದು ಕಾಯುವವರೆಗೆ ಅಳಿಯಂದಿರು ಹಸಿ ಮೈಯಲ್ಲಿ ನಿಂತೇ ಇದ್ದರು. ಕೊನೆಗೆ ಹೊರಗೆ ಬಂದಾಗ ಹಲ್ಲು ಕಟಕಟ ಎನ್ನುತ್ತಿತ್ತು, ಕಿವಿಯ ಸಂದಿಯಲ್ಲಿ ಸೀಗೆಪುಡಿ ಹಾಗೇ ಇತ್ತು. “ಏನೂ ಆಗಿಲ್ರಿ ಅತ್ತಿ” ಎಂದರು. ಅವರು ಬೈದಿದ್ದರೇ ಚೆನ್ನಾಗಿತ್ತು. ನೆಲ ಬಾಯಿ ತೆರೆದು ನನ್ನನ್ನು ನುಂಗಬಾರದೇ ಎನ್ನಿಸಿತು.

ಅಷ್ಟು ಸಾಲದು ಎಂಬಂತೆ ಬೀಗತಿ ನಗುನಗುತ್ತಲೇ ಹೇಳಿದರು: “ಇರ್ಲಿ ಬಿಡ್ರಿ ಬೀಗತ್ಯಾರ. ನಮ್ಮನಿಯಾಗೂ ಇಷ್ಟ ಸಣ್ಣದು ಅದ. ಆದ್ರ ನಮಗ ಎಲ್ಲಾರಿಗೂ ಸಾಲ್ತದ ನೋಡ್ರಿ. ಒಂದಿನಾನೂ ಕಡಿಮಿ ಬಿದ್ದಿಲ್ಲ.”

ಮೂಗು ಕೊಯ್ದು ಕೈಗೆ ಕೊಟ್ಟ ಹಾಗಾಯಿತು. ಅವರ ಜಳಕಕ್ಕೆ ಮತ್ತೊಂದು ಪಾತೇಲಿ ನೀರು ಇಡಲು ಅಡುಗೆಮನೆಗೆ ಓಡಿದೆ. ನಮ್ಮವರು ಹೊರಗೆ ಸ್ಟೂಲ್ ಹತ್ತಿ ಕತ್ತಲಲ್ಲಿ ಫ್ಯೂಜಿನ ತಂತಿ ಹುಡುಕುತ್ತಿದ್ದರು. ಮಗಳು ನನ್ನ ಪಕ್ಕ ನಿಂತು ಆರತಿ ತಾಟು ಸರಿಮಾಡುತ್ತಿದ್ದಳು. ಸಿಟ್ಟೆಲ್ಲ ಅವಳ ಮೇಲೆ ಹೋಯಿತು.

“ಮೊದಲ ಹೇಳಾಕ ಏನಾಗಿತ್ತ ನಿನಗ? ನಿಮ್ಮನಿಯಾಗೂ ಇಂಥಾದ ಅದ ಅಂತ. ಅಲ್ಲೆ ಎಲ್ಲಾರಿಗೂ ಸಾಲ್ತದ, ಇಲ್ಲೆ ಒಬ್ಬರಿಗೆ ಸಾಲಲಿಲ್ಲ. ಅದೇನ ಮಾಟಾ ಮಾಡ್ತೀರಿ ಹೇಳವಾ ನೀವು?”

“ನಾ ತಣ್ಣೀರು ಹಾಕ್ಕೋತೀನಲ್ಲವ್ವಾ” ಎಂದಳು. “ಅದಕ್ಕ ಸಾಲ್ತದ.”

ಅಳಲಿಲ್ಲ, ದೂರಲೂ ಇಲ್ಲ. ಉಪ್ಪು ಯಾವ ಡಬ್ಬಿಯಲ್ಲಿದೆ ಎಂದು ಹೇಳಿದಷ್ಟು ಸರಳವಾಗಿ ಹೇಳಿದಳು. ನಾನು ಅವಳ ಮುಖ ನೋಡಿದೆ.

“ನಂದು ಕಡೀ ಪಾಳಿ. ಅಷ್ಟರಾಗ ಬಟನ್ ಬಂದ್ ಮಾಡಿರ್ತಾರ. ನಾ ಒಂದಿನ ತಿರುಗಿ ಹಚ್ಚಿದ್ದೆ, ಅದಕ್ಕ ಅತ್ತಿ...”

“ಶ್! ಸುಮ್ನಿರು. ಅಲ್ಲೇ ಕುಂತಾರ, ಕೇಳಸ್ತದ.”

ಹಾಗೆಂದವಳು ನಾನು. ಅವಳ ಹೆತ್ತ ತಾಯಿ. ಅತ್ತೆ ಏನೆಂದರು, ಏನು ಮಾಡಿದರು ಎಂದು ಕೇಳುವ ಮೊದಲೇ ಅವಳ ಬಾಯಿ ಮುಚ್ಚಿಸಿದೆ. ಮಗಳು ಸುಮ್ಮನಾದಳು. ಎಷ್ಟು ಬೇಗ ಸುಮ್ಮನಾದಳೆಂದರೆ, ಇದು ಅವಳಿಗೆ ಹೊಸದಲ್ಲ ಎಂದು ಗೊತ್ತಾಗಿ ಇನ್ನಷ್ಟು ನಾಚಿಕೆಯಾಯಿತು. ಒಂದು ಬಕೆಟ್ ನೀರಿಗಾಗಿ ಬೀಗತಿಯ ಮುಂದೆ ನಾಚಿ ಸಾಯುತ್ತಿದ್ದೆನಲ್ಲ, ಆ ನಾಚಿಕೆ ಇದರ ಮುಂದೆ ಏನೂ ಅಲ್ಲ.

“ನೀರು ಕಾದಾವೇನ್ರಿ?” ಎಂದು ಬೀಗತಿ ಹೊರಗಿನಿಂದ ಕೇಳಿದರು.

“ಕಾದಾವ್ರಿ, ತರ್ತೀನಿ” ಎಂದೆ. ಹೊಗೆಯಾಡುವ ಪಾತೇಲಿ ಹೊತ್ತುಕೊಂಡು ಹೋಗಿ ಅವರ ಬಕೆಟ್ಟಿಗೆ ಸುರಿದು ಬಂದೆ. ನಗುತ್ತಲೇ ಸುರಿದೆ.

ಅವರ ಜಳಕ ಮುಗಿಯುವ ಹೊತ್ತಿಗೆ ಕಿಟಕಿ ಬೆಳ್ಳಗಾಗಿತ್ತು. ಮಗಳು ಟವೆಲ್ ಹೆಗಲಿಗೆ ಹಾಕಿಕೊಂಡಳು. “ತಡಿಯವಾ, ನಿನಗೂ ಒಂದು ಪಾತೇಲಿ ಇಡ್ತೀನಿ” ಎಂದೆ.

“ಬಿಡವ್ವಾ, ಹೊತ್ತು ಹೊಂಟು ಬಿಡ್ತದ. ನನಗ ರೂಢಿ ಆಗ್ಯದ.”

ಬಚ್ಚಲ ಬಾಗಿಲು ಮುಚ್ಚಿತು. ನಾನು ಖಾಲಿ ಪಾತೇಲಿ ಹಿಡಿದು ಹೊರಗೆ ನಿಂತೆ. ಮದುವೆಗೆ ಮೊದಲು ರಾಡ್ ಕೆಟ್ಟ ದಿನ ಇದೇ ಹುಡುಗಿ ತಣ್ಣೀರಿನ ಮೊದಲ ತಂಬಿಗೆಗೇ ಚೀರಿ ಇಡೀ ಬಿಲ್ಡಿಂಗ್ ಎಬ್ಬಿಸುತ್ತಿದ್ದಳು. ಈಗ ಒಳಗಿನಿಂದ ಒಂದು ಸದ್ದಿಲ್ಲ. ತಂಬಿಗೆಯ ಮೇಲೆ ತಂಬಿಗೆ ನೀರು ಬೀಳುತ್ತಲೇ ಇತ್ತು.